ತಂಟೆ ಮಾಡದ ಮಗು

ನಲವತ್ತು ದಾಟಿದವರು ಆಟಿಸಂ ತಪಾಸಣೆ ಮಾಡಿಸಿಕೊಳ್ಳುತ್ತೇನೆ ಅಂದರೆ ಮನೆಯವರ ಬಾಯಿಂದ ಮೊದಲು ಬರುವ ಮಾತು 'ಈಗ್ಯಾಕೆ?' ಎಂದೇ. ಓದಿದ್ದಾಯಿತು, ಕೆಲಸ ಹಿಡಿದದ್ದಾಯಿತು, ಮದುವೆಯಾಗಿ ಮಕ್ಕಳೂ ಆದವು. ಇನ್ನು ತಿಳಿದುಕೊಂಡು ಮಾಡುವುದೇನಿದೆ? ಈ ಮಾತಿನಲ್ಲಿ ಕಾಳಜಿ ಇದೆ, ಒಂದಿಷ್ಟು ಹೆದರಿಕೆಯೂ ಇದೆ. ಜೊತೆಗೆ, ತಪಾಸಣೆ ಎಂದರೆ ಎದುರಿಗೆ ಕುಳಿತ ಮನುಷ್ಯ ಇವತ್ತು ಹೇಗಿದ್ದಾನೆ ಎಂದು ನೋಡುವುದು ಅನ್ನುವ ಊಹೆಯೂ ಇದೆ. ನನ್ನ ತಮ್ಮನ ಜೊತೆ ಆ ದಾರಿಯಲ್ಲಿ ಓಡಾಡಿದ ಮೇಲೆ ನನಗೆ ಕಂಡದ್ದು ಬೇರೆ. ದೊಡ್ಡವರ ತಪಾಸಣೆಯಲ್ಲಿ ಹುಡುಕುವುದು ಹೆಚ್ಚಾಗಿ ಅವರ ಬಾಲ್ಯವನ್ನು. ಆ ಬಾಲ್ಯ ಅವರ ಕೈಯಲ್ಲಿ ಇರುವುದಿಲ್ಲ. ಎತ್ತಿ ಆಡಿಸಿದವರ ನೆನಪಿನಲ್ಲಿ ಇರುತ್ತದೆ, ಅದೂ ಪ್ರೀತಿ ತಿದ್ದಿ ಇಟ್ಟ ರೂಪದಲ್ಲಿ.

ತಮ್ಮ ತಪಾಸಣೆಗೆ ಹೋದದ್ದು ತನ್ನ ಮಗನಿಂದಾಗಿ. ಮಗನಿಗೆ ಆರು ತುಂಬಿದಾಗ ಶಾಲೆಯ ಟೀಚರ್ ಒಮ್ಮೆ ತೋರಿಸಿ ಎಂದಿದ್ದರು. ಮಗುವಿನ ಬಗ್ಗೆ ಕೇಳಿದ್ದ ಫಾರಂ ತುಂಬುತ್ತ ಕುಳಿತವನು ಅರ್ಧಕ್ಕೆ ಪೆನ್ನು ಕೆಳಗಿಟ್ಟು, 'ಇದೆಲ್ಲ ನಂದೇ ಅಲ್ವಾ' ಅಂದನಂತೆ. ಅವನ ಹೆಂಡತಿ ಹೇಳಿದ್ದು. ಇದು ಅವನೊಬ್ಬನ ಕಥೆಯಲ್ಲ. ಮಕ್ಕಳಿಗಾಗಿ ತೆರೆದ ಬಾಗಿಲಲ್ಲಿ ತಮ್ಮ ಮುಖ ಕಂಡು ಒಳಗೆ ಹೋದ ಅಪ್ಪ ಅಮ್ಮಂದಿರು ಬೇರೆ ಬೇರೆ ದೇಶಗಳಲ್ಲೂ ಇದ್ದಾರೆ. ಹಾಗೆ ಬಂದವರಿಗೆ 'ಈಗ್ಯಾಕೆ' ಎಂಬ ಪ್ರಶ್ನೆ ನೋಯಿಸುತ್ತದೆ. ಯಾಕೆಂದರೆ ಅವರ ಪಾಲಿಗೆ ಅದು ಈಗ ಶುರುವಾದದ್ದಲ್ಲ.

ಆಟಿಸಂ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇರುವುದು ಮಾತು, ಗಮನ, ನೆನಪು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯನ್ನು ನಮ್ಮಲ್ಲೂ ಬಹಳಷ್ಟು ತಜ್ಞರು ಅನುಸರಿಸುತ್ತಾರೆ. ಅದರ ಪ್ರಕಾರ ನೋಡಬೇಕಾದ ಲಕ್ಷಣಗಳು ಎರಡು ಬಗೆ. ಜನರೊಡನೆ ಮಾತು, ಭಾವ, ಹಾವಭಾವಗಳ ಕೊಡುಕೊಳ್ಳುವಿಕೆಯಲ್ಲಿ, ಸಂಬಂಧ ಬೆಳೆಸಿ ಉಳಿಸಿಕೊಳ್ಳುವುದರಲ್ಲಿ ಇರುವ ತೊಡಕು ಒಂದು ಬಗೆ. ಮಾಡಿದ್ದನ್ನೇ ಮಾಡುವುದು, ಕ್ರಮ ತಪ್ಪಿದರೆ ತಡೆಯಲಾಗದಿರುವುದು, ಒಂದೇ ವಿಷಯದಲ್ಲಿ ಮುಳುಗಿಬಿಡುವುದು, ಸದ್ದು ಬೆಳಕು ಸ್ಪರ್ಶಗಳು ಬೇರೆಯವರಿಗಿಂತ ಅತಿ ಹೆಚ್ಚಾಗಿ ಅಥವಾ ಅತಿ ಕಡಿಮೆಯಾಗಿ ತಟ್ಟುವುದು, ಈ ನಾಲ್ಕರಲ್ಲಿ ಎರಡಾದರೂ ಇರುವುದು ಇನ್ನೊಂದು ಬಗೆ. ಇಷ್ಟೇ ಇದ್ದರೆ ಸಾಲದು. ಇವು ಚಿಕ್ಕಂದಿನಿಂದ ಇರಬೇಕು, ಬದುಕಿಗೆ ನಿಜವಾಗಿ ತೊಡಕಾಗಿರಬೇಕು.

ಚಿಕ್ಕಂದಿನಿಂದ ಇರಬೇಕು ಅನ್ನುವ ಷರತ್ತು ಕೇಳಲು ಸಣ್ಣದು. ನಲವತ್ತಾರು ವರ್ಷದವನಿಗೆ ಅದನ್ನು ಅನ್ವಯಿಸಲು ಹೊರಟಾಗ ಮಾತ್ರ ಅದರ ಭಾರ ತಿಳಿಯುತ್ತದೆ. ತಾನು ಮೂರು ವರ್ಷದವನಿದ್ದಾಗ ಹೆಸರು ಹಿಡಿದು ಕರೆದರೆ ತಿರುಗುತ್ತಿದ್ದೆನೇ, ಬೆರಳು ತೋರಿಸಿ ಚಂದಮಾಮ ಎನ್ನುತ್ತಿದ್ದೆನೇ, ಓರಗೆಯ ಮಕ್ಕಳ ಆಟದೊಳಗೆ ಸೇರುತ್ತಿದ್ದೆನೇ ಅಥವಾ ಪಕ್ಕದಲ್ಲಿ ಕೂತು ಬೇರೆಯೇ ಆಡುತ್ತಿದ್ದೆನೇ, ಇದನ್ನು ಯಾರು ತಾನೇ ನೆನಪಿಟ್ಟುಕೊಂಡು ಹೇಳಬಲ್ಲರು? ಹಾಗಾಗಿ ತಪಾಸಣೆಗೆ ಹೋಗುವವರಿಗೆ ಬರುವ ಮೊದಲ ಸೂಚನೆ, ನಿಮ್ಮನ್ನು ಚಿಕ್ಕಂದಿನಲ್ಲಿ ಕಂಡವರೊಬ್ಬರನ್ನು ಕರೆತನ್ನಿ ಅಂತ. ತಾಯಿ ತಂದೆ ಇಲ್ಲದವರು ಅಕ್ಕನನ್ನೋ ದೊಡ್ಡಮ್ಮನನ್ನೋ ಕರೆದೊಯ್ಯುತ್ತಾರೆ. ಯಾರೂ ಇಲ್ಲದವರು ಹಳೆಯ ಫೋಟೋ, ಮಾರ್ಕ್ಸ್ ಕಾರ್ಡು ಹುಡುಕುತ್ತಾರೆ. ನಮ್ಮ ಪುಣ್ಯಕ್ಕೆ ಅಮ್ಮ ಇದ್ದರು, ಎಂಬತ್ತರ ಹತ್ತಿರವಾದರೂ ನೆನಪು ಗಟ್ಟಿಯಾಗಿತ್ತು. ಅರಕಲಗೂಡಿನಿಂದ ಅವರನ್ನು ಬೆಂಗಳೂರಿಗೆ ಕರೆತರುವುದು ನನ್ನ ಪಾಲಿಗೆ ಬಂತು. ಅಟ್ಟದ ಮೇಲಿನ ಟ್ರಂಕಿನಲ್ಲಿ ತಮ್ಮನ ನಾಲ್ಕನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡೂ ಸಿಕ್ಕಿತು. ಮೇಷ್ಟರ ಕೈಬರಹದಲ್ಲಿ ಒಂದು ಸಾಲು ಇತ್ತು: ಓದಿನಲ್ಲಿ ಚುರುಕು, ಯಾರೊಡನೆಯೂ ಬೆರೆಯುವುದಿಲ್ಲ. ಅದರ ಕೆಳಗೆ ಅಪ್ಪನ ಸಹಿ. ಆ ಸಾಲಿನ ಮೊದಲರ್ಧ ಓದಿ ಅಪ್ಪ ಎಷ್ಟು ಹಿಗ್ಗಿರಬಹುದು ಎಂದು ನಾನು ಊಹಿಸಬಲ್ಲೆ. ಉಳಿದರ್ಧ ಆ ಹಿಗ್ಗಿನಲ್ಲಿ ಕಣ್ಣಿಗೇ ಬೀಳಲಿಲ್ಲವೇನೋ.

ತಪಾಸಣೆಗೆ ಬಂದವರು ಕಾಯುವ ಕೋಣೆಯ ಗೋಡೆಯ ಮೇಲೆ ಆನೆ, ಜಿರಾಫೆ ಬರೆದಿದ್ದರು. ಪುಟ್ಟ ಪುಟ್ಟ ಕುರ್ಚಿಗಳು, ನೆಲದ ಮೇಲೆ ಬಣ್ಣದ ಮರದ ತುಂಡುಗಳು. ನಮ್ಮಲ್ಲಿ ಆಟಿಸಂ ಎಂದರೆ ಇವತ್ತಿಗೂ ಮಕ್ಕಳ ವಿಭಾಗವೇ. ನಿಮ್ಹಾನ್ಸ್ ಆಗಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಾಗಲಿ ಎಷ್ಟೋ ವರ್ಷಗಳಿಂದ ಇಂಥ ಮಕ್ಕಳನ್ನು ನೋಡುತ್ತ ಬಂದಿವೆ, ಅವರ ಅಪ್ಪ ಅಮ್ಮಂದಿರಿಗೆ ದಾರಿ ತೋರಿಸಿವೆ. ಆದರೆ ದೊಡ್ಡವರನ್ನು ನೋಡುವ ತಜ್ಞರನ್ನು ಹುಡುಕಿಕೊಂಡೇ ಹೋಗಬೇಕು. ಆ ಕೋಣೆಯಲ್ಲಿ ಮಂಡಿ ಮಡಿಸಿ ಕುಳಿತ ತಮ್ಮನನ್ನು ನೋಡಿ ನನಗೆ ಅನಿಸಿದ್ದು, ಅವನು ನಲವತ್ತು ವರ್ಷ ತಡವಾಗಿ ಬಂದರೂ ಬರಬೇಕಾದ ಕೋಣೆಗೇ ಬಂದಿದ್ದಾನೆ ಅಂತ.

ಮೊದಲು ಕೊಟ್ಟದ್ದು ಒಂದು ಪ್ರಶ್ನಾವಳಿ. ಕೇಂಬ್ರಿಜ್‌ನಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು 2001ರಲ್ಲಿ ರೂಪಿಸಿದ ಎಕ್ಯೂ ಎಂಬುದು. 50 ಹೇಳಿಕೆಗಳಿಗೆ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಗುರುತು ಹಾಕಬೇಕು. 32 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ಸರಿಯಾಗಿ ನೋಡಬೇಕು ಎಂದರ್ಥ, ಅಷ್ಟೇ. ಅದು ತೀರ್ಮಾನ ಹೇಳುವುದಿಲ್ಲ. ಪಾರ್ಟಿಗೆ ಹೋಗುವುದು ಇಷ್ಟವೋ ಲೈಬ್ರರಿ ಇಷ್ಟವೋ ಅನ್ನುವಂಥ ಪ್ರಶ್ನೆ ಅದರಲ್ಲಿದೆ. ನಮ್ಮಲ್ಲಿ ಪಾರ್ಟಿ ಎಲ್ಲಿತ್ತು? ಇದ್ದದ್ದು ಮದುವೆ, ಮುಂಜಿ, ಗೃಹಪ್ರವೇಶ. ಅವುಗಳಿಗೆ ಇಷ್ಟ ಇದ್ದರೂ ಇಲ್ಲದಿದ್ದರೂ ಹೋಗಲೇಬೇಕು, ಬಡಿಸಲೇಬೇಕು. ಇಷ್ಟವೋ ಎಂದು ಯಾರೂ ಯಾರನ್ನೂ ಕೇಳಿದವರಲ್ಲ. ತಮ್ಮ ಆ ಹೇಳಿಕೆಯ ಮುಂದೆ ಬಹಳ ಹೊತ್ತು ಕೂತಿದ್ದ. ಆಮೇಲೆ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದ: ಮದುವೆಗೆ ಹೋಗುತ್ತೇನೆ, ವಾಲಗ ಶುರುವಾದರೆ ಹೊರಗೆ ಹೋಗುತ್ತೇನೆ. ಇಂಥ ಅಂಚಿನ ಬರಹವನ್ನು ಓದುವ ಸಹನೆ ಇರುವ ತಜ್ಞರು ಸಿಗುವುದು ಆ 50 ಹೇಳಿಕೆಗಳಿಗಿಂತ ಮುಖ್ಯ.

ಎರಡನೆಯ ದಿನ ಅವನೊಬ್ಬನನ್ನೇ ಒಳಗೆ ಕರೆದರು. ಎಡಿಒಎಸ್ ಎಂಬ ವಿಧಾನ ಅದು. ಕ್ಯಾಥರೀನ್ ಲಾರ್ಡ್, ಮೈಕೆಲ್ ರಟ್ಟರ್ ಮೊದಲಾದವರು 1980ರ ದಶಕದಲ್ಲಿ ಕಟ್ಟಲು ಶುರುಮಾಡಿದ್ದು. ಚೆನ್ನಾಗಿ ಮಾತಾಡಬಲ್ಲ ದೊಡ್ಡವರಿಗೆ ಅದರಲ್ಲಿ ಬೇರೆಯೇ ಒಂದು ಭಾಗವಿದೆ, ಮುಗಿಯಲು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಅದು ಹರಟೆಯ ಹಾಗೇ ಇರುತ್ತದಂತೆ. ಅಕ್ಷರವೇ ಇಲ್ಲದ ಚಿತ್ರಪುಸ್ತಕ ಕೊಟ್ಟು ಕಥೆ ಹೇಳಿ ಎನ್ನುತ್ತಾರೆ. ಕೆಲಸದ ಬಗ್ಗೆ, ಸಿಟ್ಟು ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ, ಸ್ನೇಹ ಮದುವೆಗಳ ಬಗ್ಗೆ ಕೇಳುತ್ತಾರೆ. ಇಲ್ಲಿ ಸರಿ ತಪ್ಪು ಉತ್ತರಗಳಿಲ್ಲ; ಹೇಗೆ ಹೇಳುತ್ತೀರಿ, ಎದುರಿನವರ ಮಾತನ್ನು ಹಿಡಿದು ಮುಂದುವರಿಸುತ್ತೀರಾ, ದನಿ ಮುಖ ಕೈಗಳು ಮಾತಿನ ಜೊತೆ ಹೋಗುತ್ತವೆಯೇ, ಅದನ್ನು ಗಮನಿಸುತ್ತಾರೆ. ತಮ್ಮ ಕಥೆ ಹೇಳುವ ಬದಲು ಪ್ರತಿ ಪುಟದಲ್ಲಿ ಏನೇನಿದೆ ಎಂದು ಒಂದೂ ಬಿಡದೆ ಹೇಳಿದನಂತೆ. ಒಂಟಿತನ ಎಂದರೆ ಏನು ಎಂದು ಕೇಳಿದಾಗ ಸುಮಾರು ಹೊತ್ತು ಸುಮ್ಮನಿದ್ದನಂತೆ.

ಸಂಜೆ ಕಾಫಿ ಕುಡಿಯುವಾಗ ನನಗೆ ಹೇಳಿದ: 'ಅಕ್ಕ, ನನ್ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ. ಒಬ್ನೇ ಇರೋದು ನಂಗೆ ಯಾವತ್ತೂ ಒಂಟಿತನ ಅನ್ನಿಸಿಲ್ಲ. ಹತ್ತು ಜನ ನಗ್ತಿರ್ತಾರೆ, ಯಾಕೆ ಅಂತ ಗೊತ್ತಾಗಲ್ಲ, ಒಂದು ಕ್ಷಣ ತಡ್ಕೊಂಡು ನಾನೂ ನಗ್ತೀನಿ. ಆ ಒಂದು ಕ್ಷಣ ಇದ್ಯಲ್ಲ, ಅದು.' ಒಂದೇ ಸೂರಿನಡಿ ಬೆಳೆದವಳು ನಾನು. ಆ ಒಂದು ಕ್ಷಣ ಅವನಿಗಿತ್ತು ಎಂದು ನನಗೆ ತಿಳಿದದ್ದು ಅವತ್ತು, ಅಪರಿಚಿತರೊಬ್ಬರು ಕೇಳಿದ ಪ್ರಶ್ನೆಯಿಂದ. ತಪಾಸಣೆಯ ಕೊನೆಗೆ ಬರುವ ಹೆಸರಿಗಿಂತ ಈ ಕೇಳುವಿಕೆ ದೊಡ್ಡದು ಎಂದು ನಾನು ನಂಬುತ್ತೇನೆ. ಒಬ್ಬ ಮನುಷ್ಯನಿಗೆ ಲೋಕ ಹೇಗೆ ಕಾಣುತ್ತದೆ ಎಂದು ಕೇಳಲು ಮೀಸಲಾದ ಕೆಲವು ಗಂಟೆಗಳು ನಮ್ಮಲ್ಲಿ ಎಷ್ಟು ಜನರಿಗೆ ಸಿಕ್ಕಿವೆ?

ಅಮ್ಮನ ಸರದಿ ಮೂರನೆಯದು. ಇದಕ್ಕೂ ಗೊತ್ತಾದ ವಿಧಾನಗಳಿವೆ. ಎಡಿಐ-ಆರ್ ಎಂಬ ಸಂದರ್ಶನದಲ್ಲಿ 93 ಅಂಶಗಳಿದ್ದು, ಅದು ಮಗುವಿಗೆ ನಾಲ್ಕೈದು ವರ್ಷವಾಗಿದ್ದ ಕಾಲಕ್ಕೆ ಮತ್ತೆ ಮತ್ತೆ ಕರೆದೊಯ್ಯುತ್ತದೆ. ನಮಗೆ ಸಿಕ್ಕ ಮೇಡಂ ಕನ್ನಡದವರು. ನಾನು ಪಕ್ಕದಲ್ಲಿ ಕೂತಿದ್ದೆ. ಚಿಕ್ಕವನಿದ್ದಾಗ ಹೇಗಿದ್ದ ಎಂದು ಅವರು ಕೇಳಿದ ಕೂಡಲೇ ಅಮ್ಮನ ಮುಖ ಅರಳಿತು. 'ತಂಟೆ ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ ಇವ್ನಿಗೆ. ಒಂದ್ ಕಡೆ ಕೂರ್ಸಿದ್ರೆ ಅಲ್ಲೇ ಕೂತಿರ್ತಿದ್ದ. ಇವಳದ್ದೇ ಕಾಟ.'

ಕೂತು ಏನು ಮಾಡುತ್ತಿದ್ದ? ಪಂಚಾಂಗ ನೋಡುತ್ತಿದ್ದ. ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬಂದರೆ ಮೊದಲು ಅವನ ಕೈಗೇ. ಓದಲು ಕಲಿತದ್ದೇ ಅದರಲ್ಲಿ. ಯುಗಾದಿಯಿಂದ ಹಿಡಿದು ಇಡೀ ವರ್ಷದ ತಿಥಿ ನಕ್ಷತ್ರ ಅವನಿಗೆ ಬಾಯಿಪಾಠ. ನೆಂಟರು ಬಂದರೆ, ಮುಂದಿನ ಏಕಾದಶಿ ಯಾವತ್ತೋ ಮರಿ, ಇಂಥ ದಿನ ಯಾವ ನಕ್ಷತ್ರವೋ ಎಂದು ಕೇಳುವರು. ಅವನು ನೆಲ ನೋಡಿಕೊಂಡು ಫಟ್ಟನೆ ಹೇಳುವನು. ಕೇಳದಿದ್ದರೂ ಹೇಳುವನು. ಪೂರ್ವಜನ್ಮದ ಸಂಸ್ಕಾರ ಎಂದು ದೊಡ್ಡಪ್ಪ ಬೆನ್ನು ತಟ್ಟುತ್ತಿದ್ದರು. ಅದೇ ಹುಡುಗ ಬಸ್ಸಿನ ನಂಬರುಗಳನ್ನೋ ಬೀಗದ ಕೈಗಳನ್ನೋ ಹಾಗೆ ಹಿಡಿದಿದ್ದರೆ ಯಾರಾದರೂ ಒಮ್ಮೆ ಯೋಚಿಸುತ್ತಿದ್ದರೇನೋ. ಪಂಚಾಂಗಕ್ಕೆ ಮನೆಯಲ್ಲಿ ಗೌರವ ಇತ್ತು, ಆ ಗೌರವದ ಮರೆಯಲ್ಲಿ ಹುಡುಗ ಕಾಣದೇ ಹೋದ.

ಮಾತಾಡುವಾಗ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿದ್ದನೇ ಎಂದು ಮೇಡಂ ಕೇಳಿದರು. ಅಮ್ಮನಿಗೆ ಸ್ವಲ್ಪ ಬೇಸರವಾಯಿತು. 'ನಮ್ಮನೆ ಮಕ್ಳು ದೊಡ್ಡೋರನ್ನ ದುರುಗುಟ್ಟಿ ನೋಡ್ತಿರ್ಲಿಲ್ಲಮ್ಮ.' ಇಲ್ಲಿ ಒಂದು ದೊಡ್ಡ ಕಷ್ಟವಿದೆ. ಪಾಶ್ಚಾತ್ಯ ದೇಶಗಳಲ್ಲಿ ಕಟ್ಟಿದ ಈ ವಿಧಾನಗಳಲ್ಲಿ ಕಣ್ಣೋಟಕ್ಕೆ ದೊಡ್ಡ ಸ್ಥಾನ. ನಮ್ಮ ದೇಶದಲ್ಲೇ 2009ರಲ್ಲಿ ತಯಾರಾದ ಐಎಸ್‌ಎಎ ಮಾಪನದ 40 ಅಂಶಗಳಲ್ಲೂ ಅದಿದೆ. ತಲೆ ತಗ್ಗಿಸಿ ನಿಲ್ಲುವುದನ್ನು ಮರ್ಯಾದೆ ಎಂದು ಕಲಿಸಿದ ಮನೆಯಲ್ಲಿ, ಕಣ್ಣೆತ್ತದ ಮಗುವನ್ನು ಯಾರು ಬೇರೆ ಎಂದು ಗುರುತಿಸಬೇಕು? ಹೆಣ್ಣುಮಗುವಾಗಿದ್ದರಂತೂ ಕೇಳುವುದೇ ಬೇಡ. ಆದರೆ ಮೇಡಂ ಅಲ್ಲಿಗೇ ಬಿಡಲಿಲ್ಲ. ದೊಡ್ಡವರ ಮಾತು ಬಿಡಿ, ಏನಾದರೂ ಬೇಕಾದಾಗ ನಿಮ್ಮನ್ನು ಹೇಗೆ ಕೇಳುತ್ತಿದ್ದ ಎಂದರು.

ಅಮ್ಮ ಒಂದು ಗಳಿಗೆ ಯೋಚಿಸಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದರು. 'ಹಿಂಗೆ ಹಿಡ್ಕೊಳ್ತಿದ್ದ. ಅಡುಗೆಮನೆಗೆ ಎಳ್ಕೊಂಡು ಹೋಗಿ ನನ್ ಕೈ ತಗೊಂಡು ಅವಲಕ್ಕಿ ಡಬ್ಬಿ ಮೇಲೆ ಇಡ್ತಿದ್ದ. ಬಾಯಲ್ಲಿ ಕೇಳ್ತಿರ್ಲಿಲ್ಲ. ಮುಖಾನೂ ನೋಡ್ತಿರ್ಲಿಲ್ಲ.' ಹೇಳುತ್ತ ಹೇಳುತ್ತ ನನ್ನ ಅಂಗೈಯನ್ನು ಮೇಡಂ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಯ ಮೇಲೆ ಊರಿಯೂ ಬಿಟ್ಟರು. ಮೇಡಂ ಬರೆದುಕೊಂಡರು. ಬೇರೆಯವರ ಕೈಯನ್ನು ತನ್ನ ಕೈಯ ಹಾಗೆ ಬಳಸುವುದು ಇಂಥ ಮಕ್ಕಳಲ್ಲಿ ತಜ್ಞರು ವಿಶೇಷವಾಗಿ ಕೇಳುವ ಸಂಗತಿ. ಅಮ್ಮನಿಗೆ ಅದು ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಮುದ್ದು. ನಾಲ್ಕು ದಶಕ ಕಳೆದರೂ ಆ ಸಣ್ಣ ಬೆರಳುಗಳ ಹಿಡಿತ ಅವರ ಮೈಗೆ ನೆನಪಿತ್ತು.

ಆಟಿಸಂ ವೈದ್ಯಲೋಕಕ್ಕೆ ಪರಿಚಯವಾದದ್ದರಲ್ಲೂ ಮನೆಯವರ ಇಂಥ ನೆನಪಿಗೆ ದೊಡ್ಡ ಪಾಲಿದೆ. ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಈ ಸ್ಥಿತಿ ಹೆಸರು ಪಡೆಯಿತು. ಅದರಲ್ಲಿ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. 1938ರಲ್ಲಿ ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಿಂದ ಮಗನನ್ನು ಕರೆತರುವ ಮೊದಲೇ ಅವನ ತಂದೆ 33 ಪುಟ ಟೈಪು ಮಾಡಿಸಿ ವೈದ್ಯರಿಗೆ ಕಳಿಸಿದ್ದರು. ಮಗ ಏನು ಹಾಡುತ್ತಾನೆ, ಏನನ್ನು ತಿರುಗಿಸುತ್ತಾನೆ, ಹೇಗೆ ತನ್ನ ಪಾಡಿಗೆ ತಾನು ಸುಖವಾಗಿರುತ್ತಾನೆ, ಎಲ್ಲ. ವೈದ್ಯರು ಹೆಸರು ಕೊಡುವ ಮೊದಲು ಒಬ್ಬ ಅಪ್ಪ ನೋಡಿದ್ದ, ಬರೆದಿದ್ದ. ನಮ್ಮಮ್ಮನೂ ನೋಡಿದ್ದರು. ಬರೆಯಲು ಯಾರೂ ಹೇಳಿರಲಿಲ್ಲ.

ಹೇಳುವವರು ಇರಲು ಸಾಧ್ಯವೂ ಇರಲಿಲ್ಲ. ಅಮೆರಿಕದ ಆ ಕೈಪಿಡಿಯ ಹಳೆಯ ಆವೃತ್ತಿಯೊಂದರಲ್ಲಿ ಆಟಿಸಂ ತನ್ನದೇ ಜಾಗ ಪಡೆದದ್ದು 1980ರಲ್ಲಿ, ಅದೂ ಶೈಶವದ ಆಟಿಸಂ ಎಂಬ ಹೆಸರಿನಲ್ಲಿ. ಮಾತು ಬಾರದ, ತೀವ್ರವಾಗಿ ಬೇರೆಯಾಗಿ ಕಾಣುವ ಮಕ್ಕಳಷ್ಟೇ ಆಗ ಗಮನಕ್ಕೆ ಬರುತ್ತಿದ್ದರು. ಮಾತಾಡುವ, ಓದುವ, ಆದರೂ ಒಳಗೆ ಹಾಗೇ ಇರುವ ಜನರೂ ಇದ್ದಾರೆ ಎಂದು ಲಂಡನ್ನಿನ ಲೋರ್ನಾ ವಿಂಗ್ 1981ರಲ್ಲಿ ಬರೆದರು. ಅವರು ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಆ ತಿಳಿವಳಿಕೆ ಕೈಪಿಡಿಗೆ ಸೇರಿದ್ದು 1994ರಲ್ಲಿ. ಅಷ್ಟು ಹೊತ್ತಿಗೆ ನನ್ನ ತಮ್ಮ ಪಿಯುಸಿ ಮೆಟ್ಟಿಲು ಹತ್ತಿದ್ದ.

ಲೋರ್ನಾ ವಿಂಗ್ ಎತ್ತಿ ಹೇಳಿದ ಹಳೆಯ ಹೆಸರು ಹಾನ್ಸ್ ಆಸ್ಪರ್ಗರ್, ವಿಯೆನ್ನಾದ ಮಕ್ಕಳ ವೈದ್ಯ, 1944ರಲ್ಲಿ ಇಂಥ ಹುಡುಗರ ಬಗ್ಗೆ ಬರೆದವರು. ಅವರು ಕೆಲವು ಮಕ್ಕಳನ್ನು ನಾಜಿಗಳು ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಕಳಿಸಿದ್ದರು ಎಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಗಳ ಸಮೇತ ತೋರಿಸಿದರು. ತಪಾಸಣೆಯ ವಿಷಯ ಬರೆಯುವಾಗ ಇದನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗುವುದಿಲ್ಲ. ಒಬ್ಬರನ್ನು ಕೂರಿಸಿ, ಪ್ರಶ್ನೆ ಕೇಳಿ, ಇವರು ಇಂಥವರು ಎಂದು ಬರೆಯುವ ಅಧಿಕಾರ ಸಣ್ಣದಲ್ಲ. ಬರೆದ ಕಾಗದ ಮುಂದೆ ಯಾರ ಕೈಗೆ ಹೋಗುತ್ತದೆ, ಏತಕ್ಕೆ ಬಳಕೆಯಾಗುತ್ತದೆ ಎಂದು ಕೇಳುವ ಹಕ್ಕು ತಪಾಸಣೆಗೆ ಬಂದವರಿಗೆ ಇದೆ. ಕೇಳಲೇಬೇಕು. ಆಫೀಸಿಗೆ ಹೇಳಬೇಕೋ ಬೇಡವೋ, ನೆಂಟರಿಗೆ ಹೇಳಬೇಕೋ ಬೇಡವೋ ಎಂಬ ತಮ್ಮನ ಚಿಂತೆಯನ್ನು ಅಂಜಿಕೆ ಎಂದು ತಳ್ಳಿಹಾಕಲು ನನ್ನಿಂದ ಆಗದ್ದು ಇದಕ್ಕೇ.

ಬದುಕಿಗೆ ತೊಡಕಾಗಿರಬೇಕು ಎಂಬ ಷರತ್ತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ತೊಡಕು ಮನುಷ್ಯನಲ್ಲಿ ಇರುತ್ತದೆಯೋ, ಅವನು ಇರುವ ಜಾಗದಲ್ಲಿಯೋ? ಅರಕಲಗೂಡಿನ ಮನೆಯಲ್ಲಿ ಅವನಿಗೆ ಒಂದು ಮೂಲೆ ಇತ್ತು, ಊಟಕ್ಕೆ ಗೊತ್ತಾದ ಹೊತ್ತು ಇತ್ತು, ಸಾರು ಅನ್ನ ಬಿಟ್ಟು ಬೇರೇನೂ ಮುಟ್ಟದಿದ್ದರೂ ಗದರುವವರಿರಲಿಲ್ಲ. ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಕೊಟ್ಟರೆ ಮಾತ್ರ ಹಾಕಿಕೊಳ್ಳುತ್ತಿದ್ದ. ಅಮ್ಮ ಒಗೆದು ಕೊಡುತ್ತಿದ್ದರು. ಅವನು ಹಾಗೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮೇಲೂ ಒಂದಷ್ಟು ವರ್ಷ ತೊಂದರೆಯಿರಲಿಲ್ಲ, ಪರದೆಯ ಮುಂದೆ ಕೂತು ಕೆಲಸ ಮಾಡಿದರೆ ಸಾಕಿತ್ತು. ಬಡ್ತಿ ಕೊಟ್ಟು ಹದಿನೈದು ಜನರನ್ನು ನೋಡಿಕೊಳ್ಳಲು ಹೇಳಿದರು, ಗೋಡೆಗಳಿಲ್ಲದ ದೊಡ್ಡ ಹಾಲಿಗೆ ಆಫೀಸು ಬದಲಾಯಿತು. ಆರು ತಿಂಗಳಲ್ಲಿ ಅವನು ಕುಸಿದ. ಮನುಷ್ಯ ಅವನೇ, ಅವನಿಂದ ಕೇಳುವುದು ಬದಲಾಯಿತು. ಡಿಎಸ್‌ಎಂ-5 ಕೂಡ ಇದನ್ನು ಒಪ್ಪುತ್ತದೆ: ಲಕ್ಷಣಗಳು ಚಿಕ್ಕಂದಿನಲ್ಲೇ ಇದ್ದರೂ, ಲೋಕ ಕೇಳುವುದು ಕೈಮೀರಿ ಹೋಗುವ ತನಕ ಹೊರಗೆ ಕಾಣದಿರಬಹುದು, ಕಲಿತುಕೊಂಡ ಉಪಾಯಗಳ ಮರೆಯಲ್ಲಿ ಉಳಿಯಬಹುದು.

ಡೊನಾಲ್ಡ್ ಟ್ರಿಪ್ಲೆಟ್ ವಿಷಯವನ್ನೇ ನೋಡಿ. ಮೂರನೇ ವಯಸ್ಸಿಗೆ ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದ ಮಗುವನ್ನು ಅಪ್ಪ ಅಮ್ಮ ವಾಪಸ್ಸು ಕರೆತಂದರು. ಡೊನಾಲ್ಡ್ ದೊಡ್ಡವರಾಗಿ ತಮ್ಮ ಊರಿನಲ್ಲೇ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶ ವಿದೇಶ ಸುತ್ತಿದರು, 2023ರಲ್ಲಿ ತೀರಿಕೊಂಡಾಗ 89 ವರ್ಷ. ಊರಿನವರು ಅವರ ರೀತಿಯನ್ನು ಅರಿತಿದ್ದರು, ಕೀಟಲೆ ಮಾಡಲು ಬಂದ ಹೊರಗಿನವರನ್ನು ತಡೆಯುತ್ತಿದ್ದರು. ಅನುಕೂಲಸ್ಥ ಮನೆತನ, ಬ್ಯಾಂಕು ತಾಯಿಯ ಕಡೆಯವರದು ಎಂಬುದನ್ನೂ ಮರೆಯಬಾರದು. ಎಲ್ಲರಿಗೂ ಅಂಥ ಊರು, ಅಂಥ ಮನೆ ಸಿಗುವುದಿಲ್ಲ. ಸಿಗದವರಿಗೆ ತಪಾಸಣೆಯ ವರದಿ ಬೇಕಾಗುತ್ತದೆ.

ನಮ್ಮ ಚಿಕ್ಕಮ್ಮ ಒಬ್ಬರಿದ್ದರು. ಎಲ್ಲರೂ ಅವರನ್ನು ಮೌನಗೌರಿ ಎನ್ನುತ್ತಿದ್ದರು. ಪಾತ್ರೆ ಜೋಡಿಸಿದ ಕ್ರಮ ಒಂದು ಬೆರಳಷ್ಟು ತಪ್ಪಿದರೆ ನಡುಗುತ್ತಿದ್ದರು. ಅದನ್ನು ಮಡಿ ಎಂದುಕೊಂಡೆವು. ಹಬ್ಬದ ಮಾರನೆಯ ದಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅದನ್ನು ಆಯಾಸ ಎಂದುಕೊಂಡೆವು. ಈಗ ಅವರಿಲ್ಲ. ಇಲ್ಲದವರಿಗೆ ಹೆಸರು ಹಚ್ಚುವುದು ಸರಿಯಲ್ಲ, ನಾನು ಹಚ್ಚುವುದಿಲ್ಲ. ಆದರೆ ಹೆಣ್ಣುಮಕ್ಕಳು ಬೇರೆಯವರನ್ನು ನೋಡಿ ನೋಡಿ ನಗುವುದನ್ನು, ತಲೆದೂಗುವುದನ್ನು ಕಲಿತು ತಮ್ಮನ್ನು ಮರೆಮಾಚಿಕೊಳ್ಳುತ್ತಾರೆ, ಹಾಗಾಗಿ ತಪಾಸಣೆಯ ಕಣ್ಣಿಗೂ ತಪ್ಪಿಸಿಕೊಳ್ಳುತ್ತಾರೆ ಎಂದು ತಜ್ಞರು ಹೇಳುವಾಗ ನನಗೆ ಚಿಕ್ಕಮ್ಮನ ನಗು ಕಣ್ಣಿಗೆ ಕಟ್ಟುತ್ತದೆ. ತಪಾಸಣೆಗೆ ಹೋಗುವ ಹೆಣ್ಣುಮಗಳಿಗೆ ನಾನು ಹೇಳುವುದು ಒಂದೇ: ಅವತ್ತೊಂದು ದಿನ ಚೆನ್ನಾಗಿ ನಡೆದುಕೊಳ್ಳಬೇಡಿ. ಇಷ್ಟು ವರ್ಷ ನಿಭಾಯಿಸಿದ್ದನ್ನು ಅಲ್ಲಿಯೂ ನಿಭಾಯಿಸಿ ಬಂದರೆ, ಆ ನಿಭಾವಣೆಗೆ ಎಷ್ಟು ಖರ್ಚಾಗಿದೆ ಎಂಬುದು ಯಾರಿಗೂ ತಿಳಿಯದು.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ. ಅರ್ಥಮಾಡಿಕೊಳ್ಳುವುದರಲ್ಲಿ ಕೊರತೆ ಒಂದೇ ಕಡೆ ಇಲ್ಲ, ಎರಡೂ ಕಡೆ ಇದೆ ಎಂದು ಅವರು 2012ರಲ್ಲಿ ವಾದಿಸಿದರು. ಆಟಿಸಂ ಇರುವ ಇವರಿಗೆ ನಾವು ಅರ್ಥವಾಗುವುದಿಲ್ಲ, ನಮಗೂ ಇವರು ಅರ್ಥವಾಗುವುದಿಲ್ಲ. ಆದರೆ ತಪಾಸಣೆ ಇವರದಷ್ಟೇ ನಡೆಯುತ್ತದೆ. ಈ ಮಾತು ನನ್ನನ್ನು ಬಿಡದೆ ಕಾಡಿದೆ. ತಮ್ಮನ ಮಗ ಮತ್ತು ತಮ್ಮ ಒಂದೇ ಸೋಫಾದ ಎರಡು ತುದಿಯಲ್ಲಿ ಗಂಟೆಗಟ್ಟಲೆ ಮಾತಿಲ್ಲದೆ ಕೂತಿರುತ್ತಾರೆ, ಒಬ್ಬ ಲೆಗೋ ಜೋಡಿಸುತ್ತ, ಇನ್ನೊಬ್ಬ ಗ್ರಹಣಗಳ ಪಟ್ಟಿ ನೋಡುತ್ತ. ಅವರ ನಡುವೆ ಏನೂ ಕೊರತೆಯಿಲ್ಲ. ಬಾಗಿಲಲ್ಲಿ ನಿಂತು ಹೇಗೆ ಒಳಗೆ ಹೋಗಲಿ ಎಂದು ತಿಳಿಯದವಳು ನಾನು.

ಉತ್ತರ 'ಇಲ್ಲ' ಎಂದು ಬರುವುದೂ ಉಂಟು. ಆತಂಕ, ಗೀಳು, ಬಾಲ್ಯದ ಪೆಟ್ಟು, ಗಮನದ ಕೊರತೆಯ ಎಡಿಎಚ್‌ಡಿ ಇವುಗಳೂ ಹೊರಗಿನಿಂದ ಹೀಗೇ ಕಾಣಬಲ್ಲವು. ಆಟಿಸಂ ಜೊತೆಗೇ ಎಡಿಎಚ್‌ಡಿಯೂ ಇರಬಹುದು ಎಂದು ಕೈಪಿಡಿ ಒಪ್ಪಿದ್ದೇ 2013ರಲ್ಲಿ. ಒಳ್ಳೆಯ ತಜ್ಞರು ಈ ಎಲ್ಲವನ್ನೂ ಬಿಡಿಸಿ ನೋಡುತ್ತಾರೆ, ಅದಕ್ಕೇ ಒಂದೇ ಸಲಕ್ಕೆ ಮುಗಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಹೌದು ಅಥವಾ ಇಲ್ಲ ಎನ್ನುವವರನ್ನು ನಂಬದಿರುವುದು ಒಳ್ಳೆಯದು. ಕಣ್ಣು ನೋಡಿ ಮಾತಾಡುತ್ತೀರಿ, ಮದುವೆಯಾಗಿದೆ, ಹಾಗಾಗಿ ಇರಲು ಸಾಧ್ಯವಿಲ್ಲ ಎನ್ನುವವರನ್ನಂತೂ ನಂಬಲೇಬಾರದು.

ಸರ್ಕಾರ ಕೊಡುವ ಅಂಗವೈಕಲ್ಯದ ಸರ್ಟಿಫಿಕೇಟಿನ ವಿಷಯ ಬೇರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಸರ್ಟಿಫಿಕೇಟಿಗೆ ನೋಡುವ ಐಎಸ್‌ಎಎ ಮಾಪನದಲ್ಲಿ 70ಕ್ಕಿಂತ ಕಡಿಮೆ ಬಂದರೆ ಅದರ ಲೆಕ್ಕದಲ್ಲಿ ಆಟಿಸಂ ಇಲ್ಲ. ಮಾತಾಡಬಲ್ಲ, ದುಡಿಯಬಲ್ಲ, ಮರೆಮಾಚಲು ಕಲಿತ ದೊಡ್ಡವರು ಆ ಗಡಿ ಮುಟ್ಟದೆ ಉಳಿಯಬಹುದು. ತಜ್ಞರ ವರದಿ ಹೌದು ಎಂದರೂ ಸರ್ಕಾರಿ ಕಾಗದ ಸಿಗದಿರಬಹುದು. ಎರಡೂ ಒಂದೇ ಎಂದುಕೊಂಡು ಹೋದರೆ ಮನಸ್ಸು ನೋಯುತ್ತದೆ, ಮೊದಲೇ ತಿಳಿದಿರಲಿ.

ವರದಿ ಬಂದ ದಿನ ಮೇಡಂ ನಮ್ಮೆಲ್ಲರನ್ನೂ ಕೂರಿಸಿಕೊಂಡು ಓದಿ ವಿವರಿಸಿದರು. ಹೌದು ಎಂದಿತ್ತು. ತಮ್ಮ ತಲೆಯಾಡಿಸಿದ, ಲೈಟು ಸ್ವಲ್ಪ ಕಡಿಮೆ ಮಾಡಬಹುದೇ ಎಂದು ಕೇಳಿದ. ಹುಟ್ಟಿದಾಗಿನಿಂದ ಅವನು ಇಂಥದ್ದನ್ನು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವನ ಹೆಂಡತಿ ಅತ್ತಳು, ಹದಿನಾಲ್ಕು ವರ್ಷ ನನ್ನ ಮೇಲೆ ಇವರಿಗೆ ಮನಸ್ಸಿಲ್ಲ ಎಂದುಕೊಂಡಿದ್ದೆ ಅಂದಳು. ಅಮ್ಮ ಏನೂ ಮಾತಾಡದೆ ಕೂತಿದ್ದವರು ಕೊನೆಗೆ ಕೇಳಿದರು: 'ಹಂಗಾದ್ರೆ ನಾನು ನೋಡ್ಲಿಲ್ವಾ? ನನ್ ಕಣ್ಮುಂದೇನೇ ಇದ್ದ.'

ಮೇಡಂ ವರದಿಯ ಪುಟ ತಿರುಗಿಸಿ ಅವರ ಮುಂದೆ ಹಿಡಿದರು. ಬಾಲ್ಯ ಎಂಬ ಭಾಗ ಎಲ್ಲಕ್ಕಿಂತ ಉದ್ದವಿತ್ತು. ಅವಲಕ್ಕಿ ಡಬ್ಬಿ, ಪಂಚಾಂಗ, ಒಗೆದ ಬಟ್ಟೆ, ವಾಲಗ, ಎಲ್ಲ ಇತ್ತು. ಇದಷ್ಟೂ ನೀವು ನೋಡಿದ್ದೇ ಅಮ್ಮ, ನೀವು ನೋಡಿರದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ ಎಂದರು. ಅಮ್ಮನಿಗೆ ಅದು ಪೂರ್ತಿ ಸಮಾಧಾನ ಕೊಟ್ಟಿತು ಎಂದು ನಾನು ಹೇಳಲಾರೆ. ತಂಟೆ ಮಾಡದ ಮಗುವಿಗೂ ಏನೋ ಬೇಕಾಗಿತ್ತು, ಕೇಳಲು ಬರುತ್ತಿರಲಿಲ್ಲ ಎಂಬುದನ್ನು ಆ ವಯಸ್ಸಿನಲ್ಲಿ ಅರಗಿಸಿಕೊಳ್ಳುವುದು ಸುಲಭವಲ್ಲ.

ಊರಿಗೆ ಹೋದ ಮೇಲೆ ವಾರಕ್ಕೊಂದು ಸಲವಾದರೂ ಫೋನ್ ಬರುತ್ತದೆ. 'ಇನ್ನೊಂದು ನೆನಪಾಯ್ತು ಕಣೆ, ಆ ಮೇಡಂಗೆ ಹೇಳು. ತೊಟ್ಲು ತೂಗೋದು ನಿಲ್ಸಿದ್ರೆ ಅಳ್ತಿರ್ಲಿಲ್ಲ ಅವ್ನು, ಹಾಡೋದು ನಿಲ್ಸಿದ್ರೆ ಅಳ್ತಿದ್ದ. ಅದೂ ಬೇರೆ ಹಾಡು ಹೇಳಿದ್ರೆ ಕೇಳ್ತಿರ್ಲಿಲ್ಲ, ಅದೇ ಬೇಕು.' ವರದಿ ಮುಗಿದಿದೆ ಅಮ್ಮ, ಕೈಗೆ ಕೊಟ್ಟಾಗಿದೆ ಎಂದು ನಾನು ಹೇಳುತ್ತೇನೆ. 'ಮುಗಿದ್ರೇನಂತೆ, ಬರ್ಕೊಳ್ಲಿ' ಎನ್ನುತ್ತಾರೆ. ಈಗ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ತಮ್ಮ ಕೇಳಿದ್ದಾನೆ, ಮಗ ದೊಡ್ಡವನಾದ ಮೇಲೆ ಅವನಿಗೆ ಕೊಡಬೇಕಂತೆ.